ವ್ಯಾಟ್ ಕೇಳುವ ಮೊದಲು ಹರವು ಕೇಳಿ

ನಕ್ಷೆಯ ಮೇಲೆ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನೇರ ಗೆರೆ ಎಳೆದರೆ ಅದು ಆಂಧ್ರದಲ್ಲಿ ಹೊರಟು, ಕರ್ನಾಟಕದ ಪಾವಗಡ ತಾಲ್ಲೂಕನ್ನು ಹಾದು, ಮತ್ತೆ ಆಂಧ್ರಕ್ಕೆ ಸೇರುತ್ತದೆ. ಆ ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಯ ಮೇಲೆ ಕಟ್ಟಿದ್ದು. ಮಳೆ ಕೈಕೊಟ್ಟ ಸೀಮೆಗೆ ಬಿಸಿಲೇ ಬೆಳೆಯಾಯಿತು ಎಂದು ಆಗ ಪತ್ರಿಕೆಗಳೆಲ್ಲ ಬರೆದವು. ಅದೇ ಬಿಸಿಲನ್ನು ನೆಚ್ಚಿಕೊಂಡು ಗೆರೆಯ ಎರಡೂ ಬದಿಯ ಪಂಚಾಯಿತಿಗಳು, ದೇವಸ್ಥಾನಗಳು, ಶಾಲೆಗಳು, ಅಂಗಳದಲ್ಲಿ ಒಂದು ಕಂಬ ನಿಲ್ಲಿಸಿಕೊಳ್ಳುವಷ್ಟು ಅನುಕೂಲವಿರುವ ಮನೆಗಳು ಸೋಲಾರ್ ಬೀದಿದೀಪ ಹಾಕಿಸಿಕೊಳ್ಳುತ್ತಿವೆ. ಅಂಗಡಿಯಲ್ಲಿ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್?’ ಎರಡನೆಯದು ‘ಎಷ್ಟಕ್ಕೆ ಕೊಡ್ತೀರಿ?’ ಬೆಳಕು ಹೋಗಿ ಎಲ್ಲಿ ಬೀಳುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಕೊಳ್ಳುವವನೂ ಕೇಳುವುದಿಲ್ಲ, ಮಾರುವವನೂ ಹೇಳುವುದಿಲ್ಲ. ಆ ಪ್ರಶ್ನೆಯೇ ಮೊದಲು ಬರಬೇಕು ಎಂಬುದು ನನ್ನ ವಾದ.

ಹಿಂದೂಪುರದ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮೋಟರು ಎಷ್ಟು ಎಚ್.ಪಿ. ಎಂದು ಮಾತ್ರ ಕೇಳಿ, ನೀರು ಗಿಡದ ಬುಡಕ್ಕೆ ಹೋಗುತ್ತದೋ ಬದು ಒಡೆದು ಹಳ್ಳ ಸೇರುತ್ತದೋ ಎಂದು ನೋಡದ ಬೇಸಾಯ ಅವನ ಕಣ್ಣಿಗೆ ಬೇಸಾಯವೇ ಅಲ್ಲ. ಡ್ರಿಪ್ ಪೈಪು ಎಳೆದು ಹನಿಹನಿಗೂ ಲೆಕ್ಕವಿಟ್ಟ ಸೀಮೆ ಇದು. ಬೆಳಕಿನ ವಿಷಯದಲ್ಲಿ ಮಾತ್ರ ನಾವಿನ್ನೂ ಕಾಲುವೆ ಕಡಿದು ಬಿಟ್ಟು ಸುಮ್ಮನಿದ್ದೇವೆ.

ಒಂದು ಸಣ್ಣ ಲೆಕ್ಕ ಮಾಡೋಣ. ಕಂಬದ ಎತ್ತರ 5 ಮೀಟರ್, ಎರಡು ಕಂಬಗಳ ನಡುವೆ 24 ಮೀಟರ್ ಎಂದಿಟ್ಟುಕೊಳ್ಳಿ. ಇಬ್ಬದಿಯ ಕಂಬಗಳಿಂದಲೂ ಸಮದೂರದ ಜಾಗ 12 ಮೀಟರ್ ಆಚೆಗಿದೆ. 5, 12, 13: ಶಾಲೆಯಲ್ಲಿ ಎಲ್ಲರೂ ಬರೆದ ಲಂಬಕೋನ ತ್ರಿಭುಜವೇ ಇದು. ದೀಪದಿಂದ ಆ ಜಾಗಕ್ಕೆ ಬೆಳಕು 13 ಮೀಟರ್ ಓರೆಯಾಗಿ ಸಾಗಬೇಕು. ದೂರ ಹೆಚ್ಚಿದಷ್ಟೂ ಬೆಳಕು ತೆಳುವಾಗುತ್ತದೆ, ಓರೆಯಾಗಿ ಬಿದ್ದಾಗ ಇನ್ನೂ ಅಗಲಕ್ಕೆ ಹಂಚಿಹೋಗುತ್ತದೆ. ಎರಡೂ ಸೇರಿದರೆ, ಕಂಬದ ಬುಡದಲ್ಲಿ ಬೀಳುವಷ್ಟೇ ಬೆಳಕು ಆ ನಡುಜಾಗದಲ್ಲೂ ಬೀಳಲು, ದೀಪ ಆ ಓರೆ ದಿಕ್ಕಿಗೆ ಕೆಳಮುಖಕ್ಕಿಂತ ಹದಿನೇಳೂವರೆ ಪಟ್ಟು ತೀವ್ರವಾಗಿ ಬೆಳಕು ಎಸೆಯಬೇಕು. ಲೆನ್ಸ್ ಇಲ್ಲದ ಬರೀ ಎಲ್‌ಇಡಿ ಮಾಡುವುದು ಇದಕ್ಕೆ ತದ್ವಿರುದ್ಧ. ಅದು ನೇರ ಕೆಳಕ್ಕೆ ಹೆಚ್ಚು, ಬದಿಗೆ ಹೋದಂತೆ ಕಡಿಮೆ ಎಸೆಯುತ್ತದೆ. ಹಾಗಾಗಿ ನಡುಜಾಗದಲ್ಲಿ ಒಂದು ದೀಪದಿಂದ ಬೀಳುವ ಬೆಳಕು ಬುಡದಲ್ಲಿ ಬೀಳುವುದರ 46ರಲ್ಲಿ ಒಂದು ಪಾಲು. ಪಕ್ಕದ ಕಂಬದ ದೀಪವನ್ನೂ ಸೇರಿಸಿಕೊಂಡರೆ 23ರಲ್ಲಿ ಒಂದು ಪಾಲು.

ಅಂಕಿಗಳಲ್ಲೇ ನೋಡುವುದಾದರೆ, 12 ವ್ಯಾಟ್ ದೀಪ ವ್ಯಾಟಿಗೆ 120 ಲ್ಯೂಮೆನ್ ಬೆಳಕು ಕೊಡುತ್ತದೆ ಎಂದು ಹಿಡಿದರೂ ನೆಲಕ್ಕೆ ಬೀಳುವ ಬೆಳಕು ಬುಡದಲ್ಲಿ ಸುಮಾರು 18 ಲಕ್ಸ್, ನಡುಜಾಗದಲ್ಲಿ ಒಂದು ಲಕ್ಸ್‌ಗಿಂತ ಕಡಿಮೆ. ಹುಣ್ಣಿಮೆಯ ಬೆಳಕು ಕಾಲು ಲಕ್ಸ್ ಆಸುಪಾಸು. ಬೀದಿದೀಪಗಳ ಭಾರತೀಯ ಮಾನಕ ಐಎಸ್ 1944 ಹಗುರ ಸಂಚಾರದ ಸಣ್ಣ ಬೀದಿಗೆ ಸರಾಸರಿ 4 ಲಕ್ಸ್ ಸಾಕೆನ್ನುತ್ತದೆ, ಆದರೆ ಅತಿ ಮಬ್ಬಾದ ಜಾಗದಲ್ಲೂ ಸರಾಸರಿಯ 0.3 ಪಾಲು ಇರಲೇಬೇಕೆನ್ನುತ್ತದೆ. ನಮ್ಮ ಕಂಬದ ಬುಡದಲ್ಲಿ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚಿದೆ, ನಡುವೆ ಕನಿಷ್ಠವೂ ಇಲ್ಲ. ಇದಕ್ಕೆ ವ್ಯಾಟ್ ಏರಿಸುವುದು ಮದ್ದಲ್ಲ. 24 ವ್ಯಾಟ್ ಹಾಕಿದರೆ ಬುಡದಲ್ಲಿ 36 ಲಕ್ಸ್ ಆಗಿ ಕಣ್ಣು ಕುಕ್ಕುತ್ತದೆ, ನಡುವಿನ ಮಬ್ಬು ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ.

ಇನ್ನೊಂದು ನಷ್ಟ ಹಿಂಬದಿಯದು. 5 ಮೀಟರ್ ಅಗಲದ ಓಣಿಯ ಅಂಚಿನಲ್ಲಿ ಕಂಬ ನೆಟ್ಟು ಬರೀ ಎಲ್‌ಇಡಿ ತೂಗುಹಾಕಿದರೆ ಅರ್ಧ ಬೆಳಕು ಕಂಬದ ಹಿಂದಿನ ಗೋಡೆ, ಹಿತ್ತಲು, ಹೊಲಕ್ಕೆ ಹೋಗುತ್ತದೆ. ಎದುರಿನ ಅರ್ಧದಲ್ಲೂ ಒಂದಿಷ್ಟು ಓಣಿ ದಾಟಿ ಆಚೆ ಮನೆಗಳ ಮೇಲೆ ಬೀಳುತ್ತದೆ. ಓಣಿಯ ಪೂರ್ತಿ ಉದ್ದವನ್ನು ಲೆಕ್ಕಕ್ಕೆ ತಂದರೂ ನೆಲಕ್ಕೆ ದಕ್ಕುವುದು ನೂರಕ್ಕೆ 35 ಪಾಲು ಮಾತ್ರ. ಕರೆಂಟಿನ ದೀಪದಲ್ಲಿ ಈ ಪೋಲು ಬಿಲ್ಲಿನಲ್ಲಿ ಕರಗಿಹೋಗುತ್ತದೆ. ಸೋಲಾರಿನಲ್ಲಿ ಹಾಗಲ್ಲ. ಮೊದಲ ನಾಲ್ಕು ಗಂಟೆ ಪೂರ್ತಿ, ಆಮೇಲೆ ಬೆಳಗಿನ ತನಕ ಅರ್ಧ ಎಂದು ಉರಿಸಿದರೆ 12 ವ್ಯಾಟ್ ದೀಪ ರಾತ್ರಿಗೆ 96 ವ್ಯಾಟ್-ಅವರ್ ತಿನ್ನುತ್ತದೆ. ಮೋಡ ಮುಚ್ಚಿದ ಮೂರು ದಿನ ತಾಳಬೇಕೆಂದರೆ ಅದರ ಮೂರು ಪಟ್ಟು ಬ್ಯಾಟರಿಯಲ್ಲಿರಬೇಕು, ಅಷ್ಟನ್ನು ತುಂಬುವ ಪ್ಯಾನೆಲ್ ಮೇಲಿರಬೇಕು. ಗೋಡೆಗೆ ಬಿದ್ದ ಒಂದೊಂದು ಲ್ಯೂಮೆನ್‌ಗೂ ಪ್ಯಾನೆಲ್ಲಿನಲ್ಲಿ ಒಮ್ಮೆ, ಬ್ಯಾಟರಿಯಲ್ಲಿ ಮೂರು ದಿನಕ್ಕಾಗುವಷ್ಟು, ಆ ಬ್ಯಾಟರಿ ಸತ್ತು ಬದಲಿಸುವಾಗ ಮತ್ತೊಮ್ಮೆ ದುಡ್ಡು ತೆತ್ತಿರುತ್ತೇವೆ.

ಇದು ಖರೀದಿದಾರನ ತಿಳಿವಳಿಕೆಯ ಕೊರತೆಯಷ್ಟೇ ಆಗಿದ್ದರೆ ಲೇಖನ ಇಲ್ಲಿಗೇ ಮುಗಿಸಬಹುದಿತ್ತು. ನಮ್ಮ ಅಳತೆಗೋಲಲ್ಲೇ ಐಬಿದೆ. ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಸೋಲಾರ್ ಬೀದಿದೀಪಕ್ಕೆ ಹೊರಡಿಸಿದ ನಿರ್ದಿಷ್ಟತೆಗಳಲ್ಲಿ ಬೆಳಕನ್ನು ಅಳೆಯುವ ಕ್ರಮ ಹೀಗಿದೆ: ದೀಪವನ್ನು 4 ಮೀಟರ್ ಎತ್ತರದಲ್ಲಿಟ್ಟು, ಕೆಳಗೆ 4 ಮೀಟರ್ ವ್ಯಾಸದ ವೃತ್ತದ ಅಂಚಿನಲ್ಲಿ ಇಂತಿಷ್ಟು ಲಕ್ಸ್ ಇರಬೇಕು. ಕಪ್ಪು ಪಟ್ಟೆಗಳಿಲ್ಲದೆ ಒಂದೇ ಸಮನಾಗಿ ಹರಡಿರಬೇಕು ಎಂಬ ಒಳ್ಳೆಯ ಮಾತೂ ಜೊತೆಗಿದೆ. ಆದರೆ ವೃತ್ತದ ಅಂಚೆಂದರೆ ಬುಡದಿಂದ ಎರಡೇ ಮೀಟರ್. ಕೋನದಲ್ಲಿ ಹೇಳುವುದಾದರೆ 27 ಡಿಗ್ರಿ ಒಳಗೆ. ಎರಡು ಕಂಬಗಳ ನಡುವಿನ ಬೀದಿಯನ್ನು ಬೆಳಗುವುದು 60ರಿಂದ 67 ಡಿಗ್ರಿಯ ಆಸುಪಾಸಿನ ಬೆಳಕು. ಅದನ್ನು ಈ ಪರೀಕ್ಷೆ ಮುಟ್ಟುವುದೇ ಇಲ್ಲ. ಬೆಳಕನ್ನೆಲ್ಲ ಬುಡಕ್ಕೇ ಸುರಿಯುವ ದೀಪ ಇದರಲ್ಲಿ ಸಲೀಸಾಗಿ ಪಾಸಾಗುತ್ತದೆ. ಬೀದಿಯುದ್ದಕ್ಕೂ ಹದವಾಗಿ ಹರಡುವ ದೀಪಕ್ಕೆ ಪಾಸಾಗುವುದೇ ಕಷ್ಟ. ವೃತ್ತದಲ್ಲಿ ಅಳೆದರೆ ವೃತ್ತಾಕಾರದ ದೀಪವೇ ಗೆಲ್ಲುತ್ತದೆ. ಬೀದಿ ವೃತ್ತಾಕಾರದಲ್ಲಿಲ್ಲ.

ಬೀದಿಯ ಆಕಾರಕ್ಕೆ ಬೆಳಕಿನ ಆಕಾರ ಹೊಂದಿಸುವ ವಿದ್ಯೆ ಹೊಸದೂ ಅಲ್ಲ. 1906ರಲ್ಲಿ ಅಮೆರಿಕದಲ್ಲಿ ಶುರುವಾದ ಇಲ್ಯುಮಿನೇಟಿಂಗ್ ಎಂಜಿನಿಯರಿಂಗ್ ಸೊಸೈಟಿ ಹೊರಾಂಗಣ ದೀಪಗಳ ಹರವನ್ನು ಟೈಪ್ 1ರಿಂದ 5ರವರೆಗೆ ವಿಂಗಡಿಸಿದೆ. ಈಗ ಸೋಲಾರ್ ದೀಪದ ಡಬ್ಬದ ಮೇಲೂ ಈ ಹೆಸರುಗಳು ಕಾಣುತ್ತವೆ. ಟೈಪ್ 1 ಕಾಲುದಾರಿಯಂಥ ಉದ್ದನೆಯ ಕಿರಿದಾದ ಪಟ್ಟಿ, ಟೈಪ್ 5 ಸುತ್ತಲೂ ಸಮನಾದ ವೃತ್ತ. ನಡುವಿನ ಮೂರೂ ಕಂಬವನ್ನು ಅಂಚಿನಲ್ಲಿ ನೆಟ್ಟು ಮುಂದಕ್ಕೆ ಎಸೆಯುವಂಥವು, ಎಷ್ಟು ಮುಂದಕ್ಕೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ನಮ್ಮವರು ಮರೆಯುವ ಒಂದು ವಿಷಯವಿದೆ. ಈ ಅಳತೆಗಳು ಮೀಟರಿನಲ್ಲಿಲ್ಲ, ಕಂಬದ ಎತ್ತರದಲ್ಲಿವೆ. ಟೈಪ್ 2ರ ಮುಖ್ಯ ಬೆಳಕು ಕಂಬದ ಎತ್ತರದ ಒಂದೂಮುಕ್ಕಾಲು ಪಟ್ಟಿನವರೆಗೆ, ಟೈಪ್ 3ರದು ಎರಡೂಮುಕ್ಕಾಲು ಪಟ್ಟಿನವರೆಗೆ ಚಾಚುತ್ತದೆ. 5 ಮೀಟರ್ ಕಂಬಕ್ಕೆ ಟೈಪ್ 2 ಎಂದರೆ ಮುಂದಕ್ಕೆ ಒಂಬತ್ತು ಮೀಟರಿಗೆ ತುಸು ಕಡಿಮೆ, ಟೈಪ್ 3 ಎಂದರೆ ಹದಿನಾಲ್ಕು ಮೀಟರಿಗೆ ತುಸು ಕಡಿಮೆ.

ಮಡಕಶಿರಾ, ಅಮರಾಪುರ, ಕುಂದುರ್ಪಿ ಕಡೆಯ ಹಳ್ಳಿಗಳಲ್ಲಿ ಹದಿನಾಲ್ಕು ಮೀಟರ್ ಅಗಲದ ಬೀದಿ ಎಲ್ಲಿದೆ? ನಾಲ್ಕರಿಂದ ಆರು ಮೀಟರಿನ ಓಣಿಗಳಿಗೆ ‘ರಸ್ತೆಗೆ ಅಂದ್ರೆ ಟೈಪ್ 3 ಸಾರ್’ ಎಂದು ಮಾರುವವರು ಅಮೆರಿಕದ ಅಗಲ ರಸ್ತೆ ಮತ್ತು ಒಂಬತ್ತು ಹತ್ತು ಮೀಟರಿನ ಕಂಬಗಳ ಲೆಕ್ಕವನ್ನು ಹಾಗೇ ಎತ್ತಿ ತಂದಿದ್ದಾರೆ. ಎದುರು ಮನೆಯ ಜಗಲಿಯ ಮೇಲೆ ಮಲಗಿದವರ ಕಣ್ಣಿಗೆ ಆ ಬೆಳಕು ಬೀಳುತ್ತದೆ. ನನ್ನ ಮಟ್ಟಿಗೆ ಈ ಸೀಮೆಯ ಹಳ್ಳಿಗಳಿಗೆ ಎರಡೇ ಆಕಾರ ಸಾಕು: ಓಣಿಗೆ ಟೈಪ್ 2, ಬಯಲಿಗೆ ಟೈಪ್ 5. ಟೈಪ್ 4 ಗೋಡೆಯ ಮೇಲೆ ಕೂರಿಸಿ ಮುಂದಿನ ಅಂಗಳಕ್ಕೆ ಎಸೆಯುವ ದೀಪ. ಕಾಂಪೌಂಡು, ಗೋದಾಮು, ಹಿಂದೂಪುರದ ಪಕ್ಕದ ತೂಮಕುಂಟೆಯ ಕಾರ್ಖಾನೆಗಳಿಗೆ ಅದು ಸರಿ.

ಬಯಲೆಂದರೆ ನಿಜವಾದ ಬಯಲು. ಹುಣಸೆಹಣ್ಣಿನ ವಹಿವಾಟಿಗೆ ಹೆಸರಾದ ಹಿಂದೂಪುರದ ಮಾರ್ಕೆಟ್ ಯಾರ್ಡು, ಸಂತೆಮಾಳ, ಬಸ್ ನಿಲ್ದಾಣ. ಎಲ್ಲ ದಿಕ್ಕಿನಿಂದ ಬಂಡಿ, ಆಟೋ, ಜನ ಓಡಾಡುವ ಕಡೆ ವೃತ್ತದ ಬೆಳಕು ನ್ಯಾಯವೇ. ಇದೇ ನ್ಯಾಯವನ್ನು ಮೂರು ದಾರಿ ಕೂಡುವ ಪ್ರತಿ ಊರಿಗೂ ಹಚ್ಚಿ ಹೈಮಾಸ್ಟ್ ನಿಲ್ಲಿಸುವ ಚಟವೊಂದು ಬೆಳೆದಿದೆ. ಶಾಸಕರ, ಸಂಸದರ ನಿಧಿಯ ಹೆಸರು ಬರೆಸಲು ಅಷ್ಟು ಎತ್ತರದ ಕಂಬ ಬೇರೆ ಸಿಗುವುದಿಲ್ಲವೇನೋ. ಅಮೆರಿಕದ ಆಸ್ಟಿನ್ ಪಟ್ಟಣ 1894-95ರಲ್ಲಿ 165 ಅಡಿಯ 31 ಗೋಪುರಗಳನ್ನು ನಿಲ್ಲಿಸಿ ಊರಿಗೆಲ್ಲ ಕೃತಕ ಬೆಳದಿಂಗಳು ಹರಿಸಿತ್ತು. ಆ ಕಾಲದಲ್ಲಿ ಹಲವು ಪಟ್ಟಣಗಳು ಹೀಗೆ ಮಾಡಿದವು, ಆಮೇಲೆ ಒಂದೊಂದಾಗಿ ಬಿಟ್ಟವು. ಮರ, ಮನೆ, ಗೋಡೆ ಅಡ್ಡ ಬಂದ ಕಡೆಯೆಲ್ಲ ನೆರಳು, ಬೆಳಕು ಬೇಡದ ಚಾವಣಿಗಳ ಮೇಲೆಲ್ಲ ಬೆಳಕು. ಆಸ್ಟಿನ್ನಿನಲ್ಲಿ ಅಳಿದುಳಿದ ಗೋಪುರಗಳನ್ನು ಈಗ ಪಾರಂಪರಿಕ ಸ್ಮಾರಕಗಳೆಂದು ಕಾಪಾಡುತ್ತಾರೆ.

ಕಲ್ಯಾಣದುರ್ಗದ ಕಡೆಗೆ ಬಂದರೆ ಪ್ರಶ್ನೆಯೇ ಬೇರೆ. ಅಲ್ಲಿ ಊರು ಮುಗಿದ ಕೂಡಲೇ ಹೊಲ. ಕಂಬದ ಹಿಂದೆ ಬೀಳುವ ಅರ್ಧ ಬೆಳಕು ಯಾರದೋ ಹಿತ್ತಲಿನ ಗೋಡೆಯ ಮೇಲಲ್ಲ, ಕಡಲೆಕಾಯಿಯ ಮೇಲೆ, ತೊಗರಿಯ ಮೇಲೆ ಬೀಳುತ್ತದೆ. ತೊಗರಿ ಇರುಳು ಉದ್ದವಾದಾಗ ಹೂ ಕಟ್ಟುವ ಬೆಳೆ. ಕತ್ತಲೆಯ ಅವಧಿ ಕಡಿದುಹೋದರೆ ಹೂವು ತಡವಾಗುತ್ತದೆ. ಇದು ಸಸ್ಯಶಾಸ್ತ್ರದ ಪಾಠವಷ್ಟೇ ಅಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಸೇವಂತಿಗೆ ಬೆಳೆಗಾರರು ಇದೇ ಗುಣವನ್ನು ಬೇಕೆಂದೇ ಬಳಸಿಕೊಂಡು ತೋಟದಲ್ಲಿ ಸಾಲುಸಾಲು ಬಲ್ಬು ಉರಿಸಿ ಹೂವನ್ನು ಹಬ್ಬಕ್ಕೆ ಹೊಂದಿಸುತ್ತಾರೆ. ಅಲ್ಲಿ ದುಡ್ಡು ಕೊಟ್ಟು ಮಾಡುವ ಕೆಲಸವನ್ನು ಇಲ್ಲಿನ ಬೀದಿದೀಪ ರೈತನನ್ನು ಕೇಳದೆ ಮಾಡುತ್ತದೆ.

ಕಡಲೆಕಾಯಿಯ ಕಥೆ ಇದಕ್ಕಿಂತ ತೀಕ್ಷ್ಣ. ಅನಂತಪುರ, ಪಾವಗಡ, ಕೋಲಾರದ ಮಳೆಯಾಶ್ರಿತ ಕಡಲೆಕಾಯಿಗೆ ಕೆಂಪು ಕಂಬಳಿಹುಳು ಹಳೆಯ ವೈರಿ. ಅದರ ಕೋಶ ಬದುಗಳಲ್ಲಿ, ಮರದಡಿಯ ಮಣ್ಣಿನಲ್ಲಿ ತಿಂಗಳುಗಟ್ಟಲೆ ಹುದುಗಿದ್ದು, ಮುಂಗಾರಿನ ಮೊದಲ ಹದಮಳೆ ಬಿದ್ದ ಎರಡು ಮೂರು ದಿನಕ್ಕೆ ಚಿಟ್ಟೆಯಾಗಿ ಒಮ್ಮೆಲೇ ಏಳುತ್ತದೆ. ಸಂಜೆ ಕಳೆದ ಮೇಲೆ ದೀಪಕ್ಕೆ ಮುತ್ತುತ್ತದೆ. ಹೆಣ್ಣುಚಿಟ್ಟೆ ಇಡುವ ಮೊಟ್ಟೆ ನೂರಾರು. ಅದಕ್ಕೇ ಕೃಷಿ ಇಲಾಖೆಯವರು ಮಳೆಯ ಮರುದಿನಗಳಲ್ಲಿ ದೀಪದ ಬಲೆ ಇಡಿ, ಬದುಗಳ ಮೇಲೆ ಬೆಂಕಿ ಹಾಕಿ ಎನ್ನುವುದು. ಬಲೆಯಲ್ಲೂ ಬೆಂಕಿಯಲ್ಲೂ ಬಂದ ಚಿಟ್ಟೆ ಸಾಯುತ್ತದೆ. ಬೀದಿದೀಪ ಕರೆಯುತ್ತದೆ, ಕೊಲ್ಲುವುದಿಲ್ಲ. ಹೊಲದ ಅಂಚಿನಲ್ಲಿ ಇಡೀ ರಾತ್ರಿ ಉರಿಯುವ, ಹಿಂದಕ್ಕೂ ಮುಂದಕ್ಕೂ ಸಮನಾಗಿ ಚೆಲ್ಲುವ ತಣ್ಣನೆಯ ಬಿಳಿಯ ದೀಪ ಚಿಟ್ಟೆಗಳನ್ನು ಬಿತ್ತನೆಯಾದ ಹೊಲದ ಪಕ್ಕಕ್ಕೇ ಒಟ್ಟು ಸೇರಿಸುತ್ತದೆ. ಹಿಂಬದಿಗೆ ಒಂದು ತಗಡಿನ ಮರೆ ಕಟ್ಟಿದರೂ ಸಾಕು, ಅಥವಾ ಬಣ್ಣ ತುಸು ಹಳದಿಗೆ ತಿರುಗಿದರೂ ಹುಳು ಬರುವುದು ಕಡಿಮೆಯಾಗುತ್ತದೆ. ಆದರೆ ಹಿಂದೆ ಹೇಳಿದ ಕೇಂದ್ರ ಸಚಿವಾಲಯದ ನಿರ್ದಿಷ್ಟತೆಗಳು ಕೇಳಿದ್ದು 5500ರಿಂದ 6500 ಕೆಲ್ವಿನ್ನಿನ ಬಿಳಿ, ಅಂದರೆ ನೀಲಿ ಹೆಚ್ಚಿರುವ ಬೆಳಕು. ಈ ಬೆಳಕು ಬೆಳೆಯ ಮೇಲೆ ಬೀಳಬಹುದೆಂದು ಬರೆದವರಿಗೆ ಹೊಳೆದಂತಿಲ್ಲ.

ಇಷ್ಟೆಲ್ಲ ಇದ್ದರೂ ದೀಪ ಬೇಕೇ ಬೇಕು. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತರು ಎಂಬುದು 2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಬಹುಪಾಲು ಹಳ್ಳಿಯವರು, ಸಾವು ಹೆಚ್ಚುವುದು ಮಳೆಗಾಲದ ತಿಂಗಳುಗಳಲ್ಲಿ, ಅತಿ ಹೆಚ್ಚು ಸಾವುಗಳ ರಾಜ್ಯಗಳಲ್ಲಿ ಆಂಧ್ರವೂ ಒಂದು. ಕೊಳಕುಮಂಡಲವಾಗಲಿ, ಒಣನೆಲದ ಮಣ್ಣಿನ ಬಣ್ಣದ ಸಣ್ಣ ಗರಗಸ ಮಂಡಲವಾಗಲಿ ಕಾಣಲು ದೊಡ್ಡ ಬೆಳಕು ಬೇಕಿಲ್ಲ, ನಡೆಯುವ ದಾರಿಯಲ್ಲಿ ಎಲ್ಲೂ ಕಡಿಯದ ಬೆಳಕು ಬೇಕು. 18 ಲಕ್ಸ್‌ನಿಂದ ಒಂದಕ್ಕಿಂತ ಕಡಿಮೆ ಲಕ್ಸ್‌ಗೆ ಕಾಲಿಟ್ಟವನ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಅವನು ಐದಾರು ಹೆಜ್ಜೆ ಹಾಕಿರುತ್ತಾನೆ. ಕಲ್ಯಾಣದುರ್ಗದ ಸುತ್ತಿನ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ, ಅವು ಊರಂಚಿಗೆ ಬರುವುದು ಅಪರೂಪವೇನಲ್ಲ. ಅಲ್ಲಿ ಕೊನೆಯ ಕಂಬದ ಕೆಳಗೆ ಬೆಳಕು ಹೆಚ್ಚಿಸಿದಷ್ಟೂ ಆಚೆಗೆ ನಿಂತ ಕರಡಿ ಕಾಣುವುದು ಕಡಿಮೆಯಾಗುತ್ತದೆ.

ಇಲ್ಲಿ ಎಂಜಿನಿಯರುಗಳು ಎತ್ತುವ ಒಂದು ಆಕ್ಷೇಪ ಗಟ್ಟಿಯಾಗಿದೆ. ದೂರಕ್ಕೆ ಎಸೆಯುವ ಲೆನ್ಸ್ ಹಾಕಿದರೆ ಓರೆ ಬೆಳಕು ಬೈಕ್ ಸವಾರನ ಕಣ್ಣಿಗೆ ನೇರ ಹೊಡೆಯುತ್ತದೆ. ಕಣ್ಣಿಗೆ ಪೊರೆ ಬಂದ ವಯಸ್ಸಾದವರಿಗಂತೂ ಎದುರಿಗೆ ಬರೀ ಬಿಳಿ ಮಂಜು. ಒಪ್ಪಬೇಕಾದ ಮಾತು. ಆದ್ದರಿಂದಲೇ ಹರವಿಗೂ ಮಿತಿಯಿರಬೇಕು. ಕಂಬದ ಎತ್ತರದ ನಾಲ್ಕು ಪಟ್ಟಿಗಿಂತ ಹೆಚ್ಚಿನ ಅಂತರಕ್ಕೆ ‘ನಮ್ಮ ದೀಪ ಸಾಕು’ ಎನ್ನುವ ಮಾರಾಟಗಾರನನ್ನು ನಾನು ನಂಬುವುದಿಲ್ಲ. 5 ಮೀಟರಿಗೆ 20 ಮೀಟರ್. ಆಗ ನಡುಜಾಗದ ಕೋನ 63 ಡಿಗ್ರಿಗೆ ಇಳಿಯುತ್ತದೆ, ಬೇಕಾದ ಹೆಚ್ಚುವರಿ ತೀವ್ರತೆ ಹದಿನೇಳೂವರೆ ಪಟ್ಟಿನಿಂದ ಹನ್ನೊಂದು ಪಟ್ಟಿಗೆ ಇಳಿಯುತ್ತದೆ. ಎರಡು ದೀಪಗಳು ಆ ಭಾರ ಹಂಚಿಕೊಳ್ಳುತ್ತವೆ, ಮಾನಕವೂ ಪೂರ್ತಿ ಸಮತೆ ಕೇಳುವುದಿಲ್ಲ.

ಆದರೆ ಕಣ್ಣು ಕುಕ್ಕುವುದಕ್ಕೆ ಲೆನ್ಸ್‌ಗಿಂತ ದೊಡ್ಡ ಕಾರಣ ಬೇರೊಂದಿದೆ. ಪ್ಯಾನೆಲ್, ಬ್ಯಾಟರಿ, ದೀಪ ಮೂರೂ ಒಂದೇ ಪೆಟ್ಟಿಗೆಯಲ್ಲಿರುವ ‘ಆಲ್ ಇನ್ ಒನ್’ ಈಗ ಎಲ್ಲೆಲ್ಲೂ ಬಂದಿದೆ. ಹಿಂದೂಪುರ, ಕಲ್ಯಾಣದುರ್ಗ ಎರಡೂ 14 ಡಿಗ್ರಿ ಅಕ್ಷಾಂಶದ ಆಚೀಚೆ ಇವೆ. ಪ್ಯಾನೆಲ್ ದಕ್ಷಿಣಕ್ಕೆ ಸುಮಾರು ಅಷ್ಟೇ ವಾಲಿದ್ದರೆ ಬಿಸಿಲು ಚೆನ್ನಾಗಿ ದಕ್ಕುತ್ತದೆ. ಕಂಬ ಹತ್ತಿದ ಹುಡುಗ ಪ್ಯಾನೆಲ್ಲನ್ನು ಬಿಸಿಲಿಗೆ ವಾಲಿಸುತ್ತಾನೆ, ಅದರ ಹೊಟ್ಟೆಗೆ ಅಂಟಿದ ದೀಪವೂ ವಾಲುತ್ತದೆ. 65 ಡಿಗ್ರಿಗೆ ಎಸೆಯಬೇಕಾದ ಬೆಳಕು ಒಂದು ಬದಿಗೆ 80 ಡಿಗ್ರಿಗೆ, ಅಂದರೆ ಹೆಚ್ಚುಕಡಿಮೆ ಅಡ್ಡಕ್ಕೆ ಎಸೆಯುತ್ತದೆ. ಬೀದಿ ಉತ್ತರ-ದಕ್ಷಿಣವಾಗಿದ್ದರೆ ಅದು ಬರುವವರ ಕಣ್ಣಿಗೆ, ಪೂರ್ವ-ಪಶ್ಚಿಮವಾಗಿದ್ದರೆ ಮನೆಯ ಕಿಟಕಿಗೋ ಹೊಲಕ್ಕೋ. ಯಾವ ಟೈಪ್ ಕೊಂಡಿರಿ ಎಂಬುದು ಆಮೇಲೆ ಲೆಕ್ಕಕ್ಕೇ ಬರುವುದಿಲ್ಲ. ಪ್ಯಾನೆಲ್ಲನ್ನೂ ದೀಪವನ್ನೂ ಬೇರೆ ಬೇರೆ ತಿರುಗಿಸಲು ಬರುವ ಹಳೆಯ ಮಾದರಿಯೇ ಇಲ್ಲಿ ವಾಸಿ. ಅದಕ್ಕೊಂದು ಬ್ರಾಕೆಟ್ಟು, ಒಂದಷ್ಟು ವೈರು ಹೆಚ್ಚಾಗುತ್ತದೆ, ಅಷ್ಟೇ. ಆಲ್ ಇನ್ ಒನ್ ಆಗಲೇ ಕೊಂಡಾಗಿದ್ದರೆ ಪೆಟ್ಟಿಗೆಯನ್ನು ಮಟ್ಟಸವಾಗಿಡುವುದು ಮೇಲು. 14 ಡಿಗ್ರಿಯಲ್ಲಿ ಚಪ್ಪಟೆ ಮಲಗಿಸಿದ ಪ್ಯಾನೆಲ್ ಕಳೆದುಕೊಳ್ಳುವ ಬಿಸಿಲು ಅಲ್ಪ. ಧೂಳು ಮಾತ್ರ ಹೆಚ್ಚು ಕೂರುತ್ತದೆ, ಒರೆಸಬೇಕು.

ಖರೀದಿಯ ಹೊಣೆ ಹೊತ್ತವರು ಹೇಳುವುದು ಬೇರೆ. ಟೈಪ್ 2, ಟೈಪ್ 5 ಎಂದು ಎರಡು ಹರವಿನ ದೀಪ ಇಟ್ಟರೆ ಸ್ಟಾಕು ಎರಡು, ಗೊಂದಲ ಎರಡು, ಕಂಬ ಹತ್ತುವವನಿಗೆ ಯಾವುದು ಎಲ್ಲಿಗೆ ಎಂದು ತಿಳಿಯುವುದಿಲ್ಲ. ನಿಜವಾಗಿ ಬದಲಾಗುವುದು ಎಲ್‌ಇಡಿಯ ಮೇಲೆ ಕೂರುವ ಅಚ್ಚಿನ ಪ್ಲಾಸ್ಟಿಕ್ ಲೆನ್ಸ್ ಮಾತ್ರ. ಬ್ಯಾಟರಿ, ಚಾರ್ಜ್ ಕಂಟ್ರೋಲರ್, ಪ್ಯಾನೆಲ್ ಎಲ್ಲ ಒಂದೇ. ಇದಕ್ಕಿಂತ ಕಠಿಣವಾದ ಅಡ್ಡಿ ಜನರ ಮೆಚ್ಚುಗೆ. ದೀಪ ಹಾಕಿದ ಸಂಜೆ ಎಲ್ಲರೂ ತಲೆಯೆತ್ತಿ ದೀಪ ನೋಡುತ್ತಾರೆ, ನೆಲ ನೋಡುವವರು ಕಡಿಮೆ. ಕಣ್ಣು ಕುಕ್ಕಿದರೆ ‘ಒಳ್ಳೇ ಪವರ್ ಐತೆ’. ಸರಪಂಚರಿಗೂ ಅದೇ ಬೇಕು. ಕಂಬ ನೆಡುವ ಜಾಗವೂ ಅಂತರದ ಲೆಕ್ಕದಿಂದ ತೀರ್ಮಾನವಾಗುವುದಿಲ್ಲ. ಯಾರ ಬಾಗಿಲ ಮುಂದೆ ಎಂಬುದರಿಂದ ಆಗುತ್ತದೆ. ಊರ ನಡುವೆ ಹತ್ತು ಮೀಟರಿಗೊಂದು, ಕಾಲೋನಿಯ ದಾರಿಗೆ ಐವತ್ತು ಮೀಟರಿಗೊಂದು. ಇದನ್ನು ಯಾವ ಲೆನ್ಸೂ ಸರಿಮಾಡದು. ಕಂಬಗಳ ನಡುವಿನ ಬೆಳಕನ್ನು ಅಳೆದು ಬರೆದಿಡುವ ಪದ್ಧತಿ ಬಂದರೆ ಮಾತ್ರ ಆ ಐವತ್ತು ಮೀಟರು ಕಾಗದದ ಮೇಲೆ ಕಾಣತೊಡಗುತ್ತದೆ. ಈಗ ಕಡತದಲ್ಲಿರುವುದು ‘12 ವ್ಯಾಟ್ ದೀಪ, ಇಷ್ಟು ಸಂಖ್ಯೆ’ ಎಂದಷ್ಟೆ.

ಅಳೆಯುವುದು ದೊಡ್ಡ ಕೆಲಸವಲ್ಲ. ಲಕ್ಸ್ ಮೀಟರ್ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಆಂಧ್ರದ ಗ್ರಾಮ ಸಚಿವಾಲಯಗಳಲ್ಲಿ 2019ರಿಂದ ಎಂಜಿನಿಯರಿಂಗ್ ಅಸಿಸ್ಟೆಂಟ್ ಹುದ್ದೆಯೇ ಇದೆ. ಟೆಂಡರಿನಲ್ಲಿ ವ್ಯಾಟ್ ಕೇಳುವ ಸಾಲು ಹಾಗೇ ಇರಲಿ. ಅದರ ಕೆಳಗೆ, ದೀಪದ ಹರವಿನ ಪರೀಕ್ಷಾ ವರದಿ ಕೊಡಬೇಕು, ಬಿಲ್ ಪಾಸಾಗುವ ಮೊದಲು ಚಂದ್ರನಿಲ್ಲದ ರಾತ್ರಿ ಮೂರು ಕಡೆ ನೆಲದ ಮೇಲೆ ಅಳತೆ ಆಗಬೇಕು ಎಂದು ಸೇರಿಸಬಹುದು: ಕಂಬದ ಬುಡದಲ್ಲಿ, ಎರಡು ಕಂಬಗಳ ನಟ್ಟನಡುವೆ, ಕಂಬದ ಹಿಂದೆ ಎರಡು ಮೀಟರ್ ದೂರದಲ್ಲಿ. ಬುಡದ್ದು ನಡುವಿನದರ ಎಂಟು ಹತ್ತು ಪಟ್ಟಿಗಿಂತ ಹೆಚ್ಚಿದ್ದರೆ, ಅಥವಾ ಹಿಂದಿನದು ನಡುವಿನದಕ್ಕಿಂತ ಹೆಚ್ಚಿದ್ದರೆ ದೀಪ ವಾಪಸು. ಎಂಟು, ಹತ್ತು ಎಂಬುದು ನನ್ನ ಅಂದಾಜಿನ ಮಿತಿ. ಕಂಬದ ಎತ್ತರ, ಬೀದಿಯ ಅಗಲ ನೋಡಿ ಅದನ್ನು ಬಿಗಿ ಮಾಡಿಕೊಳ್ಳಬಹುದು. ಮಾರುವವನು ಒಮ್ಮೆ ದೀಪ ವಾಪಸು ಹೊತ್ತುಕೊಂಡು ಹೋದರೆ, ಮುಂದಿನ ಸಲ ಪಾವಗಡಕ್ಕೋ ಮಡಕಶಿರಾಕ್ಕೋ ದೀಪ ತರುವಾಗ ಓಣಿ ಎಷ್ಟು ಅಗಲ ಎಂದು ಅವನೇ ಕೇಳುತ್ತಾನೆ.